ಕಪ್ಪು ಹರಿದ ದಿಕ್ಕು

ನಲವತ್ತು ಫೋಟೋಗಳನ್ನು ಸ್ಟುಡಿಯೋದ ಉದ್ದ ಮೇಜಿನ ಮೇಲೆ ಸಾಲಾಗಿ ಹರಡಿ ಮುಗಿಸುವಷ್ಟರಲ್ಲಿ ತನಿಖಾಧಿಕಾರಿ ‘ಭೂತಗನ್ನಡಿ’ಯ ಸೊಂಟ ಹಿಡಿದುಕೊಂಡಿತ್ತು. ಮೂವತ್ತೊಂಬತ್ತರಲ್ಲಿ ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೊನೆಯದರಲ್ಲಿ ಮಾತ್ರ ಗೋಡೆ ತೆಳು ಪರದೆಯ ಹಿಂದೆ ನಿಂತ ಹಾಗೆ ಮಸುಕಾಗಿತ್ತು.

“ಇದೊಂದು ಯಾಕೆ ಹೀಗೆ, ಮಾವ?”

ಫೋಟೋಗ್ರಾಫರ್ ಮಾವ ತಲೆ ಎತ್ತಲಿಲ್ಲ. ಕ್ಯಾಮೆರಾದ ಗಾಜು ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. ಆಗಲೇ ಫಳಫಳ ಹೊಳೆಯುತ್ತಿದ್ದ ಗಾಜನ್ನು ಇನ್ನೆಷ್ಟು ಒರೆಸುತ್ತಾರೋ ದೇವರೇ ಬಲ್ಲ.

“ಸಂಜೆ ಬೆಳಕು ಚೆನ್ನಾಗಿತ್ತು ಪುಟ್ಟಿ. ಮನಸ್ಸಾಯ್ತು, ಸಾಫ್ಟಾಗಿ ತೆಗ್ದೆ.”

ಭೂತಗನ್ನಡಿ ಎನ್ನುವುದು ಅವಳ ಹೆಸರಲ್ಲ. ಕಟ್ಟಡ ಸುರಕ್ಷತಾ ಕಚೇರಿಯ ತನಿಖಾ ವಿಭಾಗದಲ್ಲಿ ಎದುರಿಗೆ ಮೇಡಂ ಎನ್ನುವವರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು ಅನ್ನಿ. ಆದರೆ ಈ ಮನುಷ್ಯನ ಮುಂದೆ ಅವಳು ಬರೀ ಪುಟ್ಟಿ. ಅವರು ಅಮ್ಮನ ತಮ್ಮ. ಅಮ್ಮ ಕೆಲಸಕ್ಕೆ ಹೋಗುವಾಗ ಅವಳನ್ನು ಬಿಟ್ಟುಹೋಗುತ್ತಿದ್ದುದು ಇದೇ ಸ್ಟುಡಿಯೋದಲ್ಲಿ. ಮಗ್ಗಿ ಕಲಿತದ್ದೂ ಇಲ್ಲೇ, ಫಿಲ್ಮ್ ತೊಳೆಯುವುದನ್ನು ಕಲಿತದ್ದೂ ಇಲ್ಲೇ.

ಅದಕ್ಕೇ ಮಾವನ ಉತ್ತರ ಅವಳ ಗಂಟಲಿನಿಂದ ಕೆಳಗಿಳಿಯಲಿಲ್ಲ. ಅದು ಪೂರ್ವದ ಗೋಡೆ. ಕಿಟಕಿಯ ಹಲಗೆಯ ಕೆಳಗೆ ಓರೆಯಾಗಿ ನೆರಳು ಬಿದ್ದಿದೆ. ಪೂರ್ವದ ಗೋಡೆಗೆ ಸಂಜೆ ಬಿಸಿಲು ಎಲ್ಲಿಂದ ಬರಬೇಕು?

ಈ ಗೋಡೆ ಬಿದ್ದು ಮೂರು ವಾರ ಆಗಿತ್ತು. ನೂರನಲವತ್ತು ವರ್ಷದ ಗ್ರಂಥಾಲಯ. ಗೋಡೆಯ ಕೆಳಗೆ ಸಿಕ್ಕು ಅಲ್ಲಿನ ಕಾವಲುಗಾರ ಸತ್ತುಹೋದ. ಬುಡ ಭದ್ರ ಮಾಡುತ್ತಿದ್ದ ಮೇಸ್ತ್ರಿ ಈಗ ಲಾಕಪ್ಪಿನಲ್ಲಿದ್ದಾನೆ.

ಮೇಸ್ತ್ರಿ ಹೇಳುವುದು ಒಂದೇ ಮಾತು. ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ಬಿರುಕಿತ್ತು, ಎಂಜಿನಿಯರಿಗೆ ಹೇಳಿದೆ, ಅವರು ಫೈಲಿನಿಂದ ಈ ಫೋಟೋ ತೆಗೆದು ಇದರಲ್ಲಿ ಬಿರುಕೆಲ್ಲಿದೆ ತೋರಿಸು ಅಂದರು, ಅದು ಗಾರೆಯ ಗೀಟು, ಸುಮ್ಮನೆ ಕೆಲಸ ಮಾಡು ಅಂದರು. ಈ ಮಾತು ನಡೆದಾಗ ಪಕ್ಕದಲ್ಲಿದ್ದವನು ಕಾವಲುಗಾರ ಒಬ್ಬನೇ. ಅವನು ಇನ್ನು ಸಾಕ್ಷಿ ಹೇಳಲು ಬರುವುದಿಲ್ಲ. ಎಂಜಿನಿಯರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು: ಗೋಡೆ ಗಟ್ಟಿಯಾಗಿತ್ತು, ಇವನು ಬುಡ ಅಗೆದು ಬೀಳಿಸಿದ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವಳ ವರದಿ ನ್ಯಾಯಾಲಯಕ್ಕೆ ಹೋಗಬೇಕು. ಎಂಜಿನಿಯರ್ ಹೇಳಿದ್ದೇ ನಿಜವಾದರೆ ಮೇಸ್ತ್ರಿಗೆ ಏಳು ವರ್ಷ. ಅವನ ಹೆಂಡತಿ ದಿನಾ ಬಂದು ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂರುತ್ತಾಳೆ. ಅಳುವುದಿಲ್ಲ, ಬೇಡುವುದಿಲ್ಲ. ಭೂತಗನ್ನಡಿ ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಾಳೆ, ಅಷ್ಟೇ. ಅದನ್ನು ನೋಡಿ ನೋಡಿ ಭೂತಗನ್ನಡಿಗೆ ಈಗ ಹಿಂದಿನ ಬಾಗಿಲಿನಿಂದ ಓಡಾಡುವ ಅಭ್ಯಾಸವಾಗಿತ್ತು.

ಬಿರುಕನ್ನು ಬೇರೆ ಯಾರೂ ನೋಡಲಿಲ್ಲವೇ ಎಂದರೆ, ನೋಡುವ ಹಾಗಿರಲಿಲ್ಲ. ಹತ್ತು ವರ್ಷದಿಂದ ಆ ಗೋಡೆಯ ಕೆಳಭಾಗ ಸೈಕಲ್ ಸ್ಟ್ಯಾಂಡಿನ ತಗಡಿನ ಮರೆಯಲ್ಲಿತ್ತು. ರಿಪೇರಿಗೆಂದು ತಗಡು ತೆಗೆದ ಮರುದಿನ ಗ್ರಂಥಾಲಯದವರು ಕರೆಸಿದ್ದಕ್ಕೆ ಮಾವ ಬಂದು ಫೋಟೋ ತೆಗೆದರು. ಅದರ ಮರುದಿನ ಸಾರುವೆ ಕಟ್ಟಿ ಗೋಣಿತಾಟು ಮುಚ್ಚಿದರು. ನಡುವಿನ ಆ ಒಂದು ದಿನ ಗೋಡೆ ಬೆತ್ತಲೆ ನಿಂತಿತ್ತು. ಆ ದಿನ ಅದನ್ನು ನೆಟ್ಟ ಕಣ್ಣಿನಿಂದ ನೋಡಿದ್ದು ಮಾವನ ಕ್ಯಾಮೆರಾ ಒಂದೇ.

“ಸಾಫ್ಟಾಗಿ ಅಂದ್ರೆ ಹೇಗೆ ತೆಗೆದ್ರಿ?” ಎಂದು ಅವಳು ಏನೂ ಅರಿಯದವಳ ಹಾಗೆ ಕೇಳಿದಳು.

ಕ್ಯಾಮೆರಾದ ಮುಂದಿನ ಗಾಜಿಗೆ ಒಂಚೂರು ವ್ಯಾಸಲೀನ್ ಸವರಿದೆ ಎಂದರು ಮಾವ. ಮಾತಿಗೆ ಮಾತು ಕೂಡಿಕೊಂಡು ಅವರಿಗೆ ಸ್ವಲ್ಪ ಧೈರ್ಯ ಬಂದ ಹಾಗಿತ್ತು. ಹಳೆ ಕಟ್ಟಡ ತೆಗೆಯುವುದಕ್ಕೆ ಎರಡು ದಾರಿ ಎಂದು ಹೇಳತೊಡಗಿದರು. ಶಾರ್ಪಾಗಿ ತೆಗೆದರೆ ಕಟ್ಟಡ ಏನು ಅನ್ನುವುದು ಗೊತ್ತಾಗುತ್ತದೆ: ಇಟ್ಟಿಗೆ, ಗಾರೆ, ತುಕ್ಕು, ಪಾಚಿ. ಸಾಫ್ಟಾಗಿ ತೆಗೆದರೆ ಅದು ನಮಗೆ ಏನಾಗಿತ್ತು ಅನ್ನುವುದು ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಅಲ್ಲಿ ಕೂತು ಓದಿದವನಿಗೆ ಯಾವ ಇಟ್ಟಿಗೆ ಒಡೆದಿತ್ತು ಅಂತ ನೆನಪಿರುತ್ತದೆಯೇ? ಅವನಿಗೆ ನೆನಪಿರುವುದು ಕಿಟಕಿಯ ಬೆಳಕು, ಪುಸ್ತಕದ ಮೇಲೆ ಬಿದ್ದ ತೂಕಡಿಕೆ. ಆ ನೆನಪಿಗೆ ಅಂಚು ಇರುವುದಿಲ್ಲ.

ಮಾತು ಸುಳ್ಳಲ್ಲ. ಭೂತಗನ್ನಡಿಗೂ ಅದು ತಟ್ಟಿತು. ಆದರೆ ಹೇಳುತ್ತಿದ್ದವರು ಯಾರು? ಗುರುತಿನ ಚೀಟಿಯ ಫೋಟೋದಲ್ಲೂ ಮೊಡವೆ ಎಣಿಸಿ ಕೊಡುವವರು ಎಂದು ಹೆಸರಾದವರು. ಅದಕ್ಕೇ ಅರ್ಧ ಊರು ಎದುರು ಬೀದಿಯ ಸ್ಟುಡಿಯೋಗೆ ಹೋಗುತ್ತಿತ್ತು. ಒಮ್ಮೆ ಒಬ್ಬ ನಿವೃತ್ತ ಹೆಡ್ ಮಾಸ್ತರರು ತಮ್ಮ ಫೋಟೋ ನೋಡಿ, ಇದು ನಾನಲ್ಲ, ನಮ್ಮಪ್ಪ ಎಂದು ವಾಪಸು ಕೊಟ್ಟಿದ್ದರು. ಅಂಥ ಮನುಷ್ಯನಿಗೆ ನಲವತ್ತನೆಯ ಫೋಟೋಕ್ಕೆ ಬಂದಾಗ ಇದ್ದಕ್ಕಿದ್ದ ಹಾಗೆ ನೆನಪಿನ ಮೇಲೆ ಪ್ರೀತಿ ಹುಟ್ಟಿತು ಎಂದರೆ ನಂಬುವುದು ಹೇಗೆ?

“ಮನುಷ್ಯರನ್ನ ಸಾಫ್ಟಾಗಿ ತೆಗೆದ್ರೆ ಅವರಿಗೊಂದು ಖುಷಿ,” ಎಂದಳು. “ಗೋಡೆಗೆ ಏನು ಖುಷಿ ಮಾವ? ಅದರ ಕೆಳಗೆ ನಿಲ್ಲೋರಿಗೆ ಗೊತ್ತಾಗಬೇಕು ಅಷ್ಟೆ.”

ಮಾವನ ಕೈಯಲ್ಲಿದ್ದ ಬಟ್ಟೆ ನಿಂತಿತು.

ಅಷ್ಟರಲ್ಲಿ ಅತ್ತೆ ಮಹಡಿಯಿಂದ ಚಹಾ ಹಿಡಿದು ಇಳಿದು ಬಂದರು. ಬಂದವರು ಸುಮ್ಮನೆ ಹೋಗುವ ಪೈಕಿ ಅಲ್ಲ. ನಿನ್ನ ಮಾವ ಮೂರು ವಾರದಿಂದ ತಟ್ಟೆ ಮುಂದೆ ಕೂತು ಎದ್ದುಹೋಗುತ್ತಾರೆ, ಕೇಳಿದರೆ ಹಲ್ಲುನೋವು ಅನ್ನುತ್ತಾರೆ, ಇರುವ ಹಲ್ಲು ಎಷ್ಟು ಅಂತ ನನಗೆ ಗೊತ್ತಿಲ್ಲವೇ ಎಂದು ದೂರು ಕೊಟ್ಟರು. ಜೊತೆಗೆ ತಮ್ಮ ಕರಿ ನೈಲಾನ್ ಕಾಲುಚೀಲ ಒಂದು ಕಾಣೆಯಾಗಿದೆ, ಕಳ್ಳ ಬಂದು ಒಂದೇ ಕಾಲಿನದು ಕದ್ದನೋ ಏನೋ ಎಂದು ಗೊಣಗಿ ಮೇಲೆ ಹತ್ತಿದರು.

ಭೂತಗನ್ನಡಿಯ ಕಿವಿ ನೆಟ್ಟಗಾಯಿತು.

ಚೀಲದಿಂದ ಲೂಪ್ ತೆಗೆದಳು. ಕಣ್ಣಿಗೆ ಒತ್ತಿ ಹಿಡಿಯುವ ಪುಟ್ಟ ಮಸೂರ, ಅವಳಿಗೆ ಆ ಹೆಸರು ಬಂದದ್ದೇ ಅದರಿಂದ. ಮೂರು ದಿನದಿಂದ ಆ ಫೋಟೋದಲ್ಲಿ ಅವಳು ಹುಡುಕಿದ್ದು ಬಿರುಕನ್ನು. ಬಿರುಕು ಇರಬೇಕಾದ ಜಾಗದಲ್ಲಿ ಬರೀ ಬೂದಿ ಬಣ್ಣದ ಮಬ್ಬು. ಈಗ ಬಿರುಕನ್ನು ಬಿಟ್ಟು ಕಿಟಕಿಯ ಮೇಲೆ ಲೂಪ್ ಇಟ್ಟಳು. ಕಿಟಕಿಯೊಳಗೆ ಕತ್ತಲು, ಸುತ್ತ ಸುಣ್ಣ ಬಳಿದ ಬಿಳಿ ಚೌಕಟ್ಟು. ಆ ಎರಡು ಸೇರುವ ಗೆರೆಯನ್ನು ಉಸಿರು ಹಿಡಿದು ನೋಡಿದಳು. ಇನ್ನೊಂದು ಕಿಟಕಿ ನೋಡಿದಳು. ಮೂರನೆಯದನ್ನೂ ನೋಡಿದಳು.

“ಮಾವ, ನನಗೆ ಹತ್ತು ವರ್ಷ ಇದ್ದಾಗ ನೀವೊಂದು ಪಾಠ ಹೇಳಿಕೊಟ್ಟಿದ್ರಿ.”

“ನೂರು ಹೇಳಿಕೊಟ್ಟಿದ್ದೀನಿ.”

“ಮಸುಕು ಮಾಡಿದ ಫೋಟೋ ಕೈಗೆ ಬಂದ್ರೆ, ಯಾವುದು ಯಾವುದರೊಳಗೆ ಹರಿದಿದೆ ನೋಡು ಅಂದಿದ್ರಿ.”

ಮಾವ ಕುರ್ಚಿಯಲ್ಲಿ ನಿಧಾನವಾಗಿ ಕೂತರು.

ಪಾಠ ಇಷ್ಟೇ. ಬೆಳಕನ್ನು ಚದುರಿಸಿ ಚಿತ್ರವನ್ನು ಮೆತ್ತಗೆ ಮಾಡುವುದು ಎರಡು ಕಡೆ ಸಾಧ್ಯ. ಒಂದು, ಫೋಟೋ ತೆಗೆಯುವಾಗ, ಕ್ಯಾಮೆರಾದ ಮುಂದೆ. ಆಗ ಬಿಳಿಯ ಬೆಳಕು ಚೆಲ್ಲಿ ಪಕ್ಕದ ಕಪ್ಪಿನೊಳಗೆ ಹರಿಯುತ್ತದೆ. ಇನ್ನೊಂದು, ಆಮೇಲೆ ಕತ್ತಲೆಕೋಣೆಯಲ್ಲಿ, ನೆಗೆಟಿವ್‌ನಿಂದ ಕಾಗದಕ್ಕೆ ಚಿತ್ರ ಇಳಿಸುವ ದೀಪದ ಕೆಳಗೆ ತೆಳು ಬಟ್ಟೆ ಹಿಡಿದು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು ತಾನೆ? ಅಲ್ಲಿ ಬೆಳಕು ತೂರಿ ಬರುವುದು ಕಪ್ಪಾಗಬೇಕಾದ ಜಾಗದಿಂದ. ಹಾಗಾಗಿ ಕಪ್ಪು ಚೆಲ್ಲಿ ಬಿಳಿಯೊಳಗೆ ಹರಿಯುತ್ತದೆ.

ಈ ಫೋಟೋದಲ್ಲಿ ಕಿಟಕಿಯ ಕತ್ತಲು ಬಿಳಿ ಚೌಕಟ್ಟಿನ ಮೇಲೆ ಮಸಿಯ ಹಾಗೆ ಹರಡಿತ್ತು.

ಊರಲ್ಲಿ ಇದು ಗೊತ್ತಿದ್ದವರು ಇಬ್ಬರೇ. ಪಾಠ ಹೇಳಿದವರು ಗಡಿಬಿಡಿಯಲ್ಲಿ ಮರೆತಿದ್ದರು. ಕಲಿತವಳು ಮರೆತಿರಲಿಲ್ಲ.

“ನೀವು ಸಾಫ್ಟಾಗಿ ತೆಗೆದೇ ಇಲ್ಲ ಮಾವ. ಶಾರ್ಪಾಗಿ ತೆಗೆದು, ಆಮೇಲೆ ಅತ್ತೆ ಕಾಲುಚೀಲ ಅಡ್ಡ ಹಿಡಿದು ಪ್ರಿಂಟ್ ಹಾಕಿದ್ದೀರಿ. ಅಂದ್ರೆ ನೆಗೆಟಿವ್ ಶಾರ್ಪಾಗೇ ಇದೆ.”

ಮಾವ ಒರೆಸುವ ಬಟ್ಟೆಯನ್ನು ಮಡಿಸಿ ಕ್ಯಾಮೆರಾದ ಪಕ್ಕಕ್ಕಿಟ್ಟರು.

ಅವಳಿಗೆ ಸಿಟ್ಟು ನೆತ್ತಿಗೇರಿತು, ಸಿಟ್ಟಿನ ಬೆನ್ನಿಗೇ ಸಂಕಟ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಜೀಪು ಕರೆಸಿರುತ್ತಿದ್ದಳು. ಎಂಜಿನಿಯರ್ ಹೇಳಿ ಮಾಡಿಸಿದರೇ ಎಂದು ಕೇಳಿದಳು. ಮಾವ ಇಲ್ಲವೆಂದು ತಲೆಯಾಡಿಸಿದರು. ರಿಪೇರಿ ಗುತ್ತಿಗೆಯವರೇ? ಅವರೂ ಅಲ್ಲ. ಹೆದರಿಸಿದರೇ? ಯಾರೂ ಹೆದರಿಸಿಲ್ಲ, ಯಾರೂ ಹೇಳಿಲ್ಲ, ನನಗೇ ಬೇಕಾಯಿತು, ಮಾಡಿದೆ ಎಂದರು. ಆ ಫೋಟೋ ಚೆಂದದ ಆಲ್ಬಮ್ಮಿಗೆ ಹೋಗುತ್ತದೆ ಅಂದುಕೊಂಡಿದ್ದೆ, ಎಂಜಿನಿಯರ್ ಅದನ್ನೇ ಹಿಡಿದುಕೊಂಡು ಗೋಡೆ ಗಟ್ಟಿ ಅಂತ ಸಹಿ ಹಾಕುತ್ತಾರೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ ಎಂದರು.

“ಆ ಕಾವಲುಗಾರ ನನಗೆ ಏಣಿ ಹಿಡ್ಕೊಂಡಿದ್ದ ಪುಟ್ಟಿ. ಜೋಪಾನ ಸಾರ್ ಅಂತಿದ್ದ. ನಾನು ಬಿದ್ದುಬಿಡ್ತೀನಿ ಅಂತ ಅವನಿಗೆ ಭಯ.”

ಅವಳು ಕೈಯಲ್ಲಿದ್ದ ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟಳು. ಆಮೇಲೆ ಗೋಡೆಗೆ ಒರಗಿದ್ದ ಉಕ್ಕಿನ ಕಪಾಟು ತೆರೆದಳು. ಮಾವ ನೆಗೆಟಿವ್ ಬಿಸಾಡುವ ಪೈಕಿ ಅಲ್ಲ. ತೀರಿಹೋದವರ, ಊರು ಬಿಟ್ಟವರ, ಜಗಳವಾಡಿ ಮುಖ ತಿರುಗಿಸಿದವರ ನೆಗೆಟಿವ್‌ಗಳೂ ಅಲ್ಲಿ ಲಕೋಟೆಯಲ್ಲಿ ನಿದ್ದೆ ಮಾಡುತ್ತಿದ್ದವು. ಗ್ರಂಥಾಲಯದ ಕಟ್ಟು ಸಿಕ್ಕಿತು. ಮೂವತ್ತೊಂಬತ್ತು ಲಕೋಟೆ ತುಂಬಿತ್ತು. ನಲವತ್ತನೆಯದು ಖಾಲಿ.

ತಿರುಗಿ ನೋಡಿದಳು. ಮಾವನ ಕೈ ತಾನಾಗಿ ಅಂಗಿಯ ಎದೆಯ ಜೇಬಿನ ಮೇಲೆ ಹೋಗಿತ್ತು.

“ಕೊಡಿ ಮಾವ.”

“ಬೇಡ ಪುಟ್ಟಿ. ನೋಡ್ಬೇಡ. ಎಂಜಿನಿಯರನ್ನ ಬೇರೆ ಏನಾದ್ರೂ ಮಾಡಿ ಹಿಡಿ. ನೀನು ಜಾಣೆ, ಆಗುತ್ತೆ ನಿನ್ನ ಕೈಲಿ.”

“ಒಬ್ಬ ಮನುಷ್ಯನ ಏಳು ವರ್ಷ ನಿಮ್ಮ ಜೇಬಲ್ಲಿದೆ.”

ಮಾವ ಅವಳ ಮುಖವನ್ನೇ ನೋಡಿದರು. ಸಣ್ಣವಳಿದ್ದಾಗ ಜ್ವರ ಬಂದರೆ ಹಾಗೆ ನೋಡುತ್ತಿದ್ದರು. ಕೊನೆಗೆ ಜೇಬಿಗೆ ಕೈ ಹಾಕಿ, ಬೆಣ್ಣೆ ಕಾಗದದಲ್ಲಿ ಸುತ್ತಿದ್ದ ಅಂಗೈಯಗಲದ ಫಿಲ್ಮನ್ನು ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಅವಳು ಬೆಳಕಿನ ಪೆಟ್ಟಿಗೆಯ ಸ್ವಿಚ್ ಹಾಕಿದಳು. ಹಾಲುಗಾಜು ಬೆಳಗಿತು. ನೆಗೆಟಿವ್ ಅದರ ಮೇಲಿಟ್ಟು ಲೂಪಿಗೆ ಕಣ್ಣೊಡ್ಡಿದಳು.

ನೆಗೆಟಿವ್‌ನಲ್ಲಿ ಬಿಸಿಲು ಬಿದ್ದ ಗೋಡೆ ಕಪ್ಪು, ಕಪ್ಪು ಬಿರುಕು ಬಿಳಿ. ಬಿರುಕು ಹುಡುಕಬೇಕಾದ ಪ್ರಸಂಗವೇ ಬರಲಿಲ್ಲ. ಕಿಟಕಿಯ ಮೂಲೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಗಳ ನಡುವೆ ಇಳಿದು ಬುಡದವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಕೆಲಸ ಶುರುವಾಗುವ ಮೊದಲಿನ ಬಿರುಕು, ಮೇಸ್ತ್ರಿಯ ಗುದ್ದಲಿ ನೆಲ ಮುಟ್ಟುವ ಮೊದಲಿನದು. ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಅವಳ ಕಣ್ಣು ತುಂಬಿತು. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ನಾಳೆ ಮುಂಬಾಗಿಲಿನಿಂದಲೇ ಕಚೇರಿಗೆ ಹೋಗಬೇಕು ಎಂದುಕೊಂಡಳು.

“ಅವನು ಉಳ್ಕೊಂಡ ಮಾವ,” ಎಂದಳು.

ಮಾವ ತಿರುಗಲಿಲ್ಲ. “ಇನ್ನೂ ಸ್ವಲ್ಪ ಕೆಳಗೆ ನೋಡು,” ಎಂದರು.

ಆಳೆತ್ತರದಲ್ಲಿ, ಬಿರುಕಿಗೆ ಅಡ್ಡವಾಗಿ, ಬೆರಳುದ್ದದ ಒಂದು ಪಟ್ಟಿ ಅಂಟಿಸಿತ್ತು. ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಜಿನ ಪಟ್ಟಿ. ಹಳೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಕಚೇರಿಯವರು ಮೊದಲು ಮಾಡುವ ಕೆಲಸ ಅದು. ಬಿರುಕಿನ ಎರಡೂ ದಡ ಸೇರಿಸಿ ತೆಳು ಗಾಜು ಅಂಟಿಸಿ, ಅದರ ಮೇಲೆ ಬಣ್ಣದಲ್ಲಿ ತಾರೀಕು ಬರೆದು ಸಹಿ ಹಾಕುತ್ತಾರೆ. ಗೋಡೆ ಒಂದಿಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಅಂಟಿಸಿದವರೇ ಮೂವತ್ತು ದಿನದೊಳಗೆ ಬಂದು ನೋಡಿ, ಒಡೆದಿದ್ದರೆ ಕಟ್ಟಡ ಖಾಲಿ ಮಾಡಿಸಬೇಕು, ಒಡೆಯದಿದ್ದರೆ ಕೆಳಗೆ ಎರಡನೆಯ ತಾರೀಕು ಬರೆಯಬೇಕು.

ಈ ಗಾಜು ನಡುವೆ ಒಡೆದು ಎರಡು ಚೂರಾಗಿತ್ತು. ಎರಡನೆಯ ತಾರೀಕಿನ ಜಾಗ ಖಾಲಿ ಇತ್ತು.

ಗೋಡೆ ವರ್ಷಗಟ್ಟಲೆ ಕೂಗಿ ಹೇಳಿದೆ, ಕೇಳಿಸಿಕೊಳ್ಳಬೇಕಾದವನು ಬರಲೇ ಇಲ್ಲ ಎಂದುಕೊಂಡಳು. ಯಾರೋ ಬೇಜವಾಬ್ದಾರಿ ಪ್ರಾಣಿ, ಗಾಜು ಅಂಟಿಸಿ ಕೈ ತೊಳೆದುಕೊಂಡು ಹೋಗಿದ್ದಾನೆ. ನಿಜವಾದ ಅಪರಾಧಿ ಇವನೇ. ಸಹಿ ಸಿಕ್ಕರೆ ಸಾಕು. ಫಿಲ್ಮನ್ನು ಸರಿಯಾದ ಮಗ್ಗುಲಿಗೆ ತಿರುಗಿಸಿ, ಲೂಪನ್ನು ಗಾಜಿನ ಮೇಲೆ ತಂದು, ಬರಹವನ್ನು ಒಂದೊಂದೇ ಅಕ್ಷರ ಓದಿದಳು. ಹನ್ನೊಂದು ವರ್ಷದ ಹಿಂದಿನ ಇಸವಿ. ಆರನೆಯ ತಿಂಗಳು. ಹದಿನಾರನೆಯ ತಾರೀಕು.

೧೬. ಆರರ ಕೆಳಗೆ ಒಂದು ಚುಕ್ಕೆ.

ನೆಗೆಟಿವ್‌ನ ಅಂಚಿನಲ್ಲಿ ನಂಬರು ಬರೆಯುವವರಿಗೆ ೬ ಮತ್ತು ೯ ದೊಡ್ಡ ತಲೆನೋವು. ಅವಸರದಲ್ಲಿ ಬರೆದರೆ ಒಂದರ ಹಾಗೆ ಇನ್ನೊಂದು ಕಾಣುತ್ತದೆ, ಫಿಲ್ಮ್ ಮಗುಚಿ ಬಿದ್ದರಂತೂ ಕೇಳುವುದೇ ಬೇಡ. ಅದಕ್ಕೆ ಈ ಸ್ಟುಡಿಯೋದಲ್ಲಿ ಆರರ ಕೆಳಗೆ ಚುಕ್ಕೆ ಇಡುತ್ತಾರೆ. ಬೇರೆಲ್ಲೂ ಇಡುವುದಿಲ್ಲ. ಮಾವ ಇಡುತ್ತಾರೆ. ಮಾವನಿಂದ ಅಂಕಿ ಕಲಿತವಳು ಇಡುತ್ತಾಳೆ.

ಲೂಪನ್ನು ಕೂದಲಷ್ಟು ಸರಿಸಿ ಸಹಿ ನೋಡಿದಳು. ಅದೂ ಅವಳದೇ.

ಕೆಲಸಕ್ಕೆ ಸೇರಿದ ಮೊದಲ ವಾರ. ಹಿರಿಯರು ಒಂದು ಪಟ್ಟಿ ಕೊಟ್ಟು, ಹಿಂದಿನ ಓಣಿಯ ಇಪ್ಪತ್ತು ಗೋಡೆಗೆ ಇವತ್ತೇ ಗಾಜು ಅಂಟಿಸಿ ಬಾ ಎಂದಿದ್ದರು. ಪಟ್ಟಿಯಲ್ಲಿ ಕಟ್ಟಡದ ಹೆಸರಿರಲಿಲ್ಲ, ಬರೀ ಗೋಡೆಯ ನಂಬರು. ಯಾವ ಕಟ್ಟಡದ ಬೆನ್ನು ಯಾವುದು ಎಂದು ಅವಳು ಕೇಳಿರಲೇ ಇಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಬಣ್ಣದ ಡಬ್ಬಿ ಬಟ್ಟೆಯ ಮೇಲೆಲ್ಲ ಚೆಲ್ಲಿತ್ತು. ಹದಿನೈದು ದಿನಕ್ಕೆ ತನಿಖಾ ವಿಭಾಗಕ್ಕೆ ವರ್ಗವಾದಾಗ ಆ ಪಟ್ಟಿಯನ್ನು ಯಾರದೋ ಮೇಜಿನ ಮೇಲಿಟ್ಟು, ಖುಷಿಯಲ್ಲಿ ಹೊರಟುಬಿಟ್ಟಿದ್ದಳು. ಆಮೇಲೆ ಓಣಿಯಲ್ಲಿ ಸೈಕಲ್ ಸ್ಟ್ಯಾಂಡಿನ ತಗಡು ಎದ್ದಿತು.

ಮೇಸ್ತ್ರಿಗೂ ಆ ಗಾಜು ಕಂಡಿರಬಹುದು. ಅದರ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

“ನಾನು ಮೊದಲು ನೋಡಿದ್ದು ಬಿರುಕಲ್ಲ ಪುಟ್ಟಿ,” ಎಂದರು ಮಾವ, ಕಿಟಕಿಯ ಕಡೆಯೇ ಮುಖ ಮಾಡಿ. “ಆ ಚುಕ್ಕೆ. ನಿನ್ನ ಕೆಲಸ ಹೋಗುತ್ತೆ ಅಂತ ಅಷ್ಟೇ ಅನ್ಕೊಂಡೆ. ಗೋಡೆ ಬೀಳುತ್ತೆ ಅಂತ ಅನ್ಕೊಳ್ಳಲಿಲ್ಲ. ಈಗ ಅದನ್ನ ಹೊರಗೆ ತೆಗೆದ್ರೆ ಮೇಸ್ತ್ರಿ ಜಾಗದಲ್ಲಿ ನಿನ್ನನ್ನ ಕೂರಿಸ್ತಾರೆ.”

ಅವಳಿಗೆ ಅವರನ್ನು ಬೈಯಬೇಕು ಎನ್ನಿಸಿತು. ಅಪ್ಪಿಕೊಳ್ಳಬೇಕು ಎಂದೂ ಅನ್ನಿಸಿತು. ಒಬ್ಬಳು ಮೂವತ್ತು ದಿನಕ್ಕೆ ಹೋಗಿ ನೋಡಲಿಲ್ಲ, ಇನ್ನೊಬ್ಬರು ನೋಡಿದ್ದನ್ನು ಮಬ್ಬು ಮಾಡಿದರು. ಇಬ್ಬರ ನಡುವೆ ಒಬ್ಬ ಮನುಷ್ಯ ಹೋದ.

ಅವಳ ಮೊಬೈಲು ಹೊಡೆದುಕೊಂಡಿತು. ಸ್ಟುಡಿಯೋದೊಳಗೆ ಮಾತು ಸರಿಯಾಗಿ ಕೇಳಿಸದು. ಅವಳು ಬಾಗಿಲಿಗೆ ಬಂದು ಬೀದಿಗೆ ಮುಖ ಮಾಡಿ ನಿಂತಳು. ಕಚೇರಿಯ ಟೈಪಿಸ್ಟ್. ವರದಿಯೆಲ್ಲ ಟೈಪಾಗಿದೆ, ಒಂದೇ ಒಂದು ಸಾಲು ಉಳಿದಿದೆ, ಅದೊಂದು ಹೇಳಿದರೆ ಮುಗಿಸಿ ಮನೆಗೆ ಹೋಗುತ್ತೇನೆ ಎಂದ. ಯಾವ ಸಾಲು ಎಂದು ಅವಳು ಕೇಳಿದಳು.

“ಹೊಣೆಗಾರರು ಅನ್ನೋ ಕಡೆ ಯಾರ ಹೆಸರು ಹಾಕ್ಲಿ, ಮೇಡಂ?”

ಬೀದಿಯಲ್ಲಿ ಎಂದಿನ ಹಾಗೆ ಜನ ಓಡಾಡುತ್ತಿದ್ದರು. ಅವಳು ಬಹಳ ಹೊತ್ತು ಯೋಚಿಸಲಿಲ್ಲ. ಇಷ್ಟು ವರ್ಷ ಎಷ್ಟೋ ಜನರ ಹೆಸರನ್ನು ಆ ಸಾಲಿನಲ್ಲಿ ಬರೆಸಿದ್ದಳು, ಯಾರಿಗೂ ರಿಯಾಯಿತಿ ತೋರಿಸಿದವಳಲ್ಲ. ಎಂಜಿನಿಯರಿನ ಹೆಸರು ಹಾಕು ಎಂದಳು. ಇನ್ನೊಂದು ಹೆಸರೂ ಇದೆ, ಬರೆದುಕೊ, ಅದಕ್ಕೆ ಸಾಕ್ಷಿಯಾಗಿ ಒಂದು ನೆಗೆಟಿವ್ ಲಗತ್ತಿಸಿದೆ ಅಂತಲೂ ಸೇರಿಸು ಎಂದಳು. ಹಾಗೆನ್ನುತ್ತ ಒಳಗೆ ತಿರುಗಿದಳು.

ಬೆಳಕಿನ ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ. ಲೂಪ್ ಒಂದೇ ಇತ್ತು. ಕಿಟಕಿಯ ಬಳಿ ಮಾವನೂ ಇರಲಿಲ್ಲ. ಕತ್ತಲೆಕೋಣೆಯ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು, ಅದರ ಹಿಂದೆಯೇ ನಲ್ಲಿಯ ನೀರು ಧೋ ಎಂದು ಸುರಿಯತೊಡಗಿತು.

“ಹೇಳಿ ಮೇಡಂ,” ಎಂದ ಟೈಪಿಸ್ಟ್. “ಇನ್ನೊಂದು ಹೆಸರು ಯಾವುದು?”